ಕಾಂಟೆಸ್ಸಾದ ರಿವರ್ಸ್ ಲೈಟು ಹತ್ತದೇ ಹೋದಾಗ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ ಕಾರು ತಿರುಗಿಸಲು ಜಾಗವಿಲ್ಲ. ರಾತ್ರಿ ಹೊರಡಬೇಕಾದರೆ ಒಂದು ಬದಿಗೆ ಅಗಳು (ಕಂದಕ), ಇನ್ನೊಂದು ಬದಿಗೆ ಅಡಿಕೆ ತೋಟದ ಬೇಲಿ ಇರುವ ಓಣಿಯಲ್ಲಿ ಅಷ್ಟುದ್ದ ಹಿಂದಕ್ಕೇ ಹೋಗಬೇಕು. ಹೀಗಾಗಿ ನಮ್ಮ 1993ರ ಕಾಂಟೆಸ್ಸಾ ಕ್ಲಾಸಿಕ್‌ನ ರಿವರ್ಸ್ ಲೈಟುಗಳು ಕಳೆದ ಮಳೆಗಾಲದಲ್ಲಿ ಕೈಕೊಟ್ಟಾಗ ಅದನ್ನು ಚಿಕ್ಕ ವಿಷಯವೆಂದು ಬಿಡುವಂತಿರಲಿಲ್ಲ.

ಹಿಂದೂಸ್ತಾನ್ ಮೋಟರ್ಸ್ 1984ರಲ್ಲಿ ಹೊರತಂದ ಕಾಂಟೆಸ್ಸಾ ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನ ಮೈಕಟ್ಟಿನದು. ನಮ್ಮದರಲ್ಲಿರುವುದು ಇಸುಜು ಎಂಜಿನ್. ತಯಾರಿಕೆ ನಿಂತು ಎರಡು ದಶಕ ದಾಟಿದೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು ಐವತ್ತು ವರ್ಷ ತುಂಬಿರಬೇಕಾದ್ದರಿಂದ ಕಾಗದಪತ್ರದ ಮಟ್ಟಿಗೆ ಇದು ಬರೀ ಹಳೆಯ ಕಾರು. ಆದರೆ ಬಿಡಿಭಾಗ ಹುಡುಕಲು ಹೊರಟವನಿಗೆ ಅದು ಈಗಲೇ ವಿಂಟೇಜ್.

ಮೊದಲು ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟೆ. ಗೇರ್‌ಬಾಕ್ಸಿನ ಸ್ವಿಚ್ ಹೋಗಿದೆ ಎಂದು ಹೊಸದನ್ನು ಹಾಕಿ, ನನ್ನೆದುರೇ ರಿವರ್ಸ್‌ಗೆ ಹಾಕಿ ದೀಪ ಹತ್ತಿಸಿಯೂ ತೋರಿಸಿದರು. ಮನೆಗೆ ಬಂದ ಮೂರನೆಯ ದಿನ ಮತ್ತೆ ಕತ್ತಲೆ. ಗೇರ್ ಕಡ್ಡಿಯನ್ನು ಒತ್ತಿ ಹಿಡಿದರೆ ಒಮ್ಮೊಮ್ಮೆ ಮಿಣುಕುತ್ತಿತ್ತು, ಕೈ ಬಿಟ್ಟರೆ ಇಲ್ಲ. ಎರಡನೆಯ ಸಲ ಒಯ್ದಾಗ ಅವರು ಇಡೀ ವೈರಿಂಗ್ ಬದಲಿಸಬೇಕೆಂದರು. ಆ ಮಾತು ಕೇಳಿದ ಮೇಲೆ ನಾನೇ ಒಂದು ಭಾನುವಾರ ವೋಲ್ಟೇಜು, ಸಂಪರ್ಕ ಎಲ್ಲ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ.

ಈ ದೀಪದ ಸರ್ಕೀಟು ನಿಜಕ್ಕೂ ಸರಳ. ಇಗ್ನಿಷನ್ ಕೀಲಿಯಿಂದ ಫ್ಯೂಸ್, ಫ್ಯೂಸಿನಿಂದ ಗೇರ್‌ಬಾಕ್ಸಿನ ಸ್ವಿಚ್, ಅಲ್ಲಿಂದ ಕಾರಿನುದ್ದಕ್ಕೂ ಸಾಗುವ ಒಂದು ತಂತಿ, ಕೊನೆಗೆ ಹಿಂದಿನ ಎರಡು ಬಲ್ಬು. ಬಲ್ಬಿನಿಂದ ಬ್ಯಾಟರಿಗೆ ಕರೆಂಟು ಮರಳುವುದು ಕಾರಿನ ಲೋಹದ ಮೈಯ ಮೂಲಕ; ಈ ಮರಳುವ ದಾರಿಯನ್ನೇ ಅರ್ತ್ ಎನ್ನುವುದು. ಎಂಜಿನ್ ಚಾಲೂ ಮಾಡಬೇಕಾಗಿಲ್ಲ, ಮಾಡಲೂಬಾರದು. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ಆನ್ ಮಾಡಿ ರಿವರ್ಸ್‌ಗೆ ಹಾಕಿದರೆ ಸಾಕು. ಕೀಲಿಯನ್ನು ಬಹಳ ಹೊತ್ತು ಹಾಗೇ ಬಿಟ್ಟರೆ ಇಗ್ನಿಷನ್ ಕಾಯಿಲ್ ಬಿಸಿಯಾಗಬಹುದಾದ್ದರಿಂದ ನಡುನಡುವೆ ಆಫ್ ಮಾಡುತ್ತಿದ್ದೆ. ತಂತಿಗಳ ಬಣ್ಣವನ್ನು ಮಾತ್ರ ನಾನು ನಂಬಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಜನ ಕೈಗೆ ಸಿಕ್ಕ ತುಂಡನ್ನು ಜೋಡಿಸಿದ್ದಾರೋ.

ಬಲ್ಬುಗಳು ಸರಿಯಿದ್ದವು, ಫ್ಯೂಸೂ ಸರಿಯಿತ್ತು. ಫ್ಯೂಸನ್ನು ಹಿಡಿದಿದ್ದ ಹಿತ್ತಾಳೆಯ ಕ್ಲಿಪ್ಪಿಗೆ ಕಿಲುಬು ಹಿಡಿದಿತ್ತು. ಉಜ್ಜಿ ತೆಗೆದರೂ ದೀಪ ಹತ್ತಲಿಲ್ಲ. ಮುಂದಿನ ಭಾಗದ ಎರಡು ಚಕ್ರಗಳನ್ನು ರ‍್ಯಾಂಪಿನ ಮೇಲೆ ಹತ್ತಿಸಿ (ಬರೀ ಜಾಕಿನ ಭರವಸೆಯ ಮೇಲೆ ಕಾರಿನಡಿಗೆ ಹೋಗಬಾರದು) ಗೇರ್‌ಬಾಕ್ಸಿನ ಪಕ್ಕದಲ್ಲಿ ತಿರುಪಿ ಕೂರಿಸಿದ ಸ್ವಿಚ್ಚಿನ ಎರಡೂ ತಂತಿಗಳನ್ನು ಬಿಡಿಸಿದೆ. ಒಂದರಲ್ಲಿ ಕರೆಂಟು ಬರುತ್ತಿತ್ತು. ಎರಡನ್ನೂ ಒಂದು ತುಂಡು ತಂತಿಯಿಂದ ಸೇರಿಸಿದೊಡನೆ, ಹಿಂದೆ ನಿಂತಿದ್ದ ಮಗ "ಬಂತು, ಆದರೆ ಎಡಗಡೆಯದು ಮಂಕು" ಎಂದು ಕೂಗಿದ. ಆ ಒಂದೇ ಕೂಗಿನಲ್ಲಿ ಎರಡು ಸಂಗತಿ ಗೊತ್ತಾದವು: ಕಾರಿನುದ್ದಕ್ಕೂ ಹೋಗುವ ತಂತಿ ತುಂಡಾಗಿಲ್ಲ, ಮತ್ತು ದೋಷ ಒಂದಲ್ಲ.

ಹದಿನೈದು ದಿನದ ಹಿಂದೆ ಹಾಕಿದ ಸ್ವಿಚ್ ಇಷ್ಟು ಬೇಗ ಹೇಗೆ ಹಾಳಾಯಿತು ಎಂದು ಕೆಳಗೆ ಬೋಗುಣಿ ಇಟ್ಟು ಅದನ್ನು ಬಿಚ್ಚಿದೆ. ನಾಲ್ಕು ಹನಿ ಗೇರ್ ಆಯಿಲ್ ಬಿತ್ತು, ಅಷ್ಟೆ. ಸ್ವಿಚ್ಚಿನ ತುದಿಯಲ್ಲಿ ಒಂದು ಪುಟ್ಟ ಉಕ್ಕಿನ ಗುಂಡು ಇರುತ್ತದೆ. ರಿವರ್ಸ್ ಬಿದ್ದಾಗ ಒಳಗಿನ ಭಾಗ ಆ ಗುಂಡನ್ನು ಒತ್ತುತ್ತದೆ, ಒಳಗಿನ ಸಂಪರ್ಕ ಕೂಡುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಸಂಪರ್ಕ ಕೂಡಿತೆಂದು ಮೀಟರ್ ಪ್ರತಿ ಸಲವೂ ಸದ್ದು ಮಾಡಿತು. ಸ್ವಿಚ್ಚಿಗೆ ಏನೂ ಆಗಿರಲಿಲ್ಲ. ಆಮೇಲೆ ಕಣ್ಣಿಗೆ ಬಿದ್ದದ್ದು ವಾಷರ್: ಒಂದಲ್ಲ, ಎರಡು. ಹಳೆಯ ಸ್ವಿಚ್ಚಿನ ತಾಮ್ರದ ವಾಷರನ್ನು ತೆಗೆಯದೆ, ಹೊಸ ಸ್ವಿಚ್ಚಿನ ಜೊತೆ ಬಂದದ್ದನ್ನೂ ಅದರ ಮೇಲೇ ಕೂರಿಸಿದ್ದರು. ಆ ಒಂದು ವಾಷರಿನ ದಪ್ಪದಷ್ಟು ಸ್ವಿಚ್ ಹೊರಗೆ ನಿಂತು, ಗುಂಡಿಗೆ ಒತ್ತಡ ಅಂಚಿನಲ್ಲಷ್ಟೇ ಸಿಗುತ್ತಿತ್ತು. ಗ್ಯಾರೇಜಿನಲ್ಲಿ ಹತ್ತಿದ್ದ ದೀಪ ಮನೆಯಲ್ಲಿ ಹತ್ತದಿರಲು ಅದೇ ಕಾರಣ. ಒಂದನ್ನು ತೆಗೆದು ಬಿಗಿದೆ. ಗೇರ್ ಹಾಕಿದಾಗಲೆಲ್ಲ ದೀಪ ಹತ್ತತೊಡಗಿತು. ಬೈಯಬೇಕೆನ್ನಿಸಲಿಲ್ಲ, ಆದರೆ ವೈರಿಂಗ್ ಬದಲಿಸಲು ಕೇಳಿದ ಮೊತ್ತ ಮಾತ್ರ ನೆನಪಾಯಿತು.

ಉಳಿದದ್ದು ಎಡಗಡೆಯ ಮಂಕು ದೀಪ, ಮತ್ತು ನನ್ನನ್ನು ನಿಜವಾಗಿ ಸತಾಯಿಸಿದ್ದು ಅದೇ. ಬಲ್ಬನ್ನು ಹೊರತೆಗೆದು ಹೋಲ್ಡರಿನಲ್ಲಿ ಅಳೆದರೆ 12 ವೋಲ್ಟಿಗೂ ಮೇಲೆ ತೋರಿಸುತ್ತದೆ. ಬಲ್ಬು ಹಾಕಿದರೆ ಮಂಕು. ಬಲ್ಬು ಅದಲು ಬದಲು ಮಾಡಿದರೂ ಅಷ್ಟೆ. ಮಲ್ಟಿಮೀಟರ್ ಇಲ್ಲಿ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಬರುವಂಥದ್ದಲ್ಲ, ಆದ್ದರಿಂದ ಎಂಥ ತುಕ್ಕಿನ ಮೂಲಕವೂ ಪೂರ್ತಿ ವೋಲ್ಟೇಜು ಕಾಣುತ್ತದೆ. 21 ವ್ಯಾಟಿನ ಬಲ್ಬಿಗೆ ಬೇಕಾದದ್ದು ಸುಮಾರು 1.75 ಆಂಪಿಯರ್, ಅಷ್ಟು ಹರಿಯತೊಡಗಿದಾಗಲೇ ದಾರಿಯ ತಡೆ ಗೊತ್ತಾಗುವುದು. ಹಾಗಾಗಿ ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು.

ಬ್ಯಾಟರಿಯ ನೆಗೆಟಿವ್‌ನಿಂದ ಡಿಕ್ಕಿಯವರೆಗೆ ಉದ್ದದ ತಂತಿ ಎಳೆದು, ಅದರ ತುದಿಗೆ ಮೀಟರಿನ ಒಂದು ಕಡ್ಡಿಯನ್ನೂ ಎಡ ಹೋಲ್ಡರಿನ ಹೊರಕವಚಕ್ಕೆ ಇನ್ನೊಂದನ್ನೂ ಹಿಡಿದೆ. ಹತ್ತಿರ ಹತ್ತಿರ ಸೊನ್ನೆ ತೋರಿಸಬೇಕಾದ ಜಾಗದಲ್ಲಿ 4.2 ವೋಲ್ಟ್. ಮಗನಿಗೆ ಬ್ರೇಕ್ ಒತ್ತಲು ಹೇಳಿದೆ. ಅಂಕಿ ಇನ್ನೂ ಏರಿತು, ರಿವರ್ಸ್ ದೀಪ ಇನ್ನೂ ಮಂಕಾಯಿತು. ಎಡಗಡೆಯ ರಿವರ್ಸ್ ಮತ್ತು ಬ್ರೇಕ್ ಬಲ್ಬುಗಳೆರಡಕ್ಕೂ ಅರ್ತ್ ಒಂದೇ, ಅದೇ ಕೆಟ್ಟಿತ್ತು. ಬಲ್ಬಿಗೆ ಉಳಿಯುತ್ತಿದ್ದದ್ದು 8 ವೋಲ್ಟ್. ಫಿಲಮೆಂಟಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ಅಷ್ಟರಲ್ಲಿ ಸಿಗುವುದು ಪೂರ್ತಿ ಬೆಳಕಿನ ಸುಮಾರು ಕಾಲು ಭಾಗ. ತಡೆಯ ಲೆಕ್ಕ ಹಾಕಿದರೆ ಸುಮಾರು 3 ಓಮ್, ಅಷ್ಟೆ.

ಆ 3 ಓಮ್ ಇದ್ದದ್ದು ಡಿಕ್ಕಿಯ ಮೂಲೆಯಲ್ಲಿ, ಕಾರ್ಪೆಟ್ಟಿನ ಹಿಂದೆ. ಅರ್ತ್ ತಂತಿಯ ಬಳೆಯನ್ನು ಮೈಗೆ ಬಿಗಿದ ಬೋಲ್ಟು ಹೊರಗಿನಿಂದ ಹೊಳೆಯುತ್ತಿತ್ತು. ಬಿಚ್ಚಿದರೆ ಬಳೆಯ ಅಡಿಯಲ್ಲಿ ಕಾಫಿಪುಡಿಯಂಥ ತುಕ್ಕು, ಅದರ ಸುತ್ತ ಯಾವಾಗಲೋ ಬಳಿದ ಬಣ್ಣ. ಎಮರಿ ಪೇಪರಿನಲ್ಲಿ ಬಿಳಿ ಲೋಹ ಕಾಣುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ವ್ಯಾಸಲೀನ್ ಸವರಿದೆ. ಮೀಟರ್ 0.1 ವೋಲ್ಟ್ ತೋರಿಸಿತು, ಎರಡೂ ದೀಪಗಳು ಸರಿಸಮವಾದವು.

ಅಂಗಡಿಯವನೊಬ್ಬ ಮೊದಲೇ ಎಲ್‌ಇಡಿ ಬಲ್ಬು ಹಾಕಿಬಿಡಿ ಎಂದಿದ್ದ. ಅದು ಎಳೆಯುವ ಕರೆಂಟು ಕಡಿಮೆಯಾದ್ದರಿಂದ ಆ ತುಕ್ಕಿನಲ್ಲೂ ಸಾಕಷ್ಟು ಚೆನ್ನಾಗಿಯೇ ಉರಿದಿರುತ್ತಿತ್ತು, ತುಕ್ಕು ಅಲ್ಲೇ ಬೆಳೆಯುತ್ತ, ಬ್ರೇಕ್ ದೀಪ ಮಂಕಾಗಿಯೇ ಇರುತ್ತಿತ್ತು.

ನೀರು ಒಳಗೆ ಬಂದದ್ದು ಎಡಗಡೆಯ ದೀಪದ ಗಾಜಿನ ಹಿಂದಿನ ರಬ್ಬರು ಒಡೆದದ್ದರಿಂದ. ಆ ರಬ್ಬರು ಶಿವಮೊಗ್ಗದಲ್ಲೂ ಸಿಗಲಿಲ್ಲ, ಬೆಂಗಳೂರಿನಲ್ಲೂ ಸಿಗಲಿಲ್ಲ. ಸದ್ಯಕ್ಕೆ ಹಳೆಯ ಸೈಕಲ್ ಟ್ಯೂಬನ್ನು ಆ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದೇನೆ. ಆಷಾಢದ ಮಳೆಗೆ ತಡೆಯುತ್ತದೋ ಇಲ್ಲವೋ ನೋಡಬೇಕು.