ಕೋಟೆ ನಕ್ಷೆ: ವೃತ್ತ ಅಳಿಸಿದ ಭಾನುವಾರ

ಹೋದ ವಾರ ಎಚ್.ಡಿ. ಕೋಟೆ, ಸರಗೂರು ತಾಲ್ಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನೆಲ್ಲ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ತುಂಬಿದೆ. ತೆರೆದರೆ ಕೋಟೆಯಲ್ಲಿ ಒಂದು ಚುಕ್ಕೆಯೂ ಇಲ್ಲ! ಎಲ್ಲವೂ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರದ ಸಮುದ್ರದಲ್ಲಿ ತೇಲುತ್ತಿವೆ. ಅಕ್ಷಾಂಶದ ಕಾಲಂನಲ್ಲಿ 76, ರೇಖಾಂಶದಲ್ಲಿ 12 ಬರೆದಿದ್ದೆ. ಅದಲುಬದಲು ಮಾಡಿದ ಮೇಲೆ ಆಸ್ಪತ್ರೆಗಳು ಊರಿಗೆ ಬಂದವು.

ಆಮೇಲೆ ಯಾವ ಊರಿಗೆ ಆಸ್ಪತ್ರೆ ಹತ್ತಿರ ಅಂತ ನೋಡಲು ಪ್ರತಿ ಕೇಂದ್ರದ ಸುತ್ತ 5 ಕಿ.ಮೀ. ವೃತ್ತ ಎಳೆದೆ. ನೋಡಲು ಬಲು ಚೆಂದ. ಈ ವಾರ ಅಷ್ಟನ್ನೂ ಅಳಿಸಿದೆ. ಕಾರಣ ಕಬಿನಿ. ಈ ದಡದ ಒಂದು ಕೇಂದ್ರದ ವೃತ್ತ ಹಿನ್ನೀರು ದಾಟಿ ಆ ದಡದ ಬುಡಕಟ್ಟು ಜನರ ಹಾಡಿಯನ್ನೂ ಒಳಗೆ ಹಾಕಿಕೊಂಡಿತ್ತು. ಹೆರಿಗೆ ನೋವು ಬಂದವಳು ಈಜಿಕೊಂಡು ಬರಬೇಕೇನು?

ಹಾಗಾಗಿ ಈಗ ರಸ್ತೆಯ ಲೆಕ್ಕ. ಜನರೇ ಸೇರಿ ಕಟ್ಟಿದ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದಾರಿಗಳನ್ನು ಇಳಿಸಿಕೊಂಡು ಡಾಂಬರಿಗೆ ಗಂಟೆಗೆ 40 ಕಿ.ಮೀ., ಮಣ್ಣಿನ ದಾರಿಗೆ 15 ಅಂತ ಹಾಕಿದೆ. ಅರ್ಧ ಗಂಟೆಯೊಳಗಿನ ಊರಿಗೆ ಹಸಿರು, ಒಂದು ಗಂಟೆ ಮೀರಿದರೆ ಕೆಂಪು. ಪರಿಚಯದ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಒಂದು ಹಸಿರು ಹಾಡಿಯ ಬಗ್ಗೆ ಕೇಳಿದೆ. "ಯಾವಾಗಿನ ಮಾತು ಸಾ? ಮಳೆ ಹುಯ್ದ್ರೆ ಆ ದಾರೀಲಿ ಆಟೋನೇ ಬರಲ್ಲ" ಅಂದರು. ಸರಿ, ಮಳೆಗಾಲಕ್ಕೆ ಇನ್ನೊಂದು ನಕ್ಷೆ. ರಾತ್ರಿಗೆ ಮತ್ತೊಂದು ಬೇಕು: ಮೈಸೂರು–ಮಾನಂದವಾಡಿ ರಸ್ತೆಯ ಕಾಡಿನ ಭಾಗ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ಓಡಾಟಕ್ಕೆ ಬಂದ್.

ಸರ್ಕಾರಿ ಮಾನದಂಡದಲ್ಲಿ ಬಯಲು ಪ್ರದೇಶದ 30,000 ಜನಕ್ಕೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ರಿಯಾಯಿತಿ ಇದೆ, ಒಪ್ಪೋಣ. ಆದರೆ ಅದು ತಲೆ ಎಣಿಸುತ್ತದೆಯೇ ಹೊರತು ದಾರಿ ಅಳೆಯುವುದಿಲ್ಲ. ತಲೆ ಎಣಿಕೆಯಲ್ಲೂ ತೊಡಕಿದೆ. 2011ರ ಜನಗಣತಿ ಕಂದಾಯ ಗ್ರಾಮವಾರು. ಎಷ್ಟೋ ಹಾಡಿಗಳು ದೊಡ್ಡ ಊರಿನ ಮೊತ್ತದಲ್ಲಿ ಕರಗಿಹೋಗಿವೆ. ಊರಿಗೆ ಹಸಿರು ಬಳಿದರೆ ಹಾಡಿಗೂ ಹಸಿರು ಮೆತ್ತಿಕೊಳ್ಳುತ್ತದೆ.

ಗರ್ಭಿಣಿಯರ ಮನೆಗಳನ್ನೂ ಗುರುತಿಸಿದರೆ ಹೇಗೆ ಅಂತ ಗೆಳೆಯನೊಬ್ಬ ಕೇಳಿದ. ಬೇಡವೆಂದೆ. ಹತ್ತಾರು ಮನೆಗಳ ಹಾಡಿಯಲ್ಲಿ ಒಂದು ಚುಕ್ಕೆ ಇಟ್ಟರೆ ಹೆಸರು ಬರೆದ ಹಾಗೇ.

ಮುಂದಿನ ಭಾನುವಾರ ಫೋನಿನ ಜಿಪಿಎಸ್ ಆನ್ ಮಾಡಿಕೊಂಡು ಬಸ್ಸಿನಲ್ಲೇ ಹೋಗಿಬರುತ್ತೇನೆ. ಮಣ್ಣಿನ ದಾರಿಯ ಆ 15 ಎಂಬ ಅಂಕಿ ನನ್ನ ಅಂದಾಜು, ಅದರ ಮೇಲೆ ನನಗೇ ನಂಬಿಕೆಯಿಲ್ಲ. ಇನ್ನೊಂದು ಹಾಡಿಗೆ ನಕ್ಷೆಯಲ್ಲಿ ಒಂದು ಹೆಸರು, ಆಶಾ ಕಾರ್ಯಕರ್ತೆಯ ರಿಜಿಸ್ಟರ್‌ನಲ್ಲಿ ಇನ್ನೊಂದು, ಅಲ್ಲಿಯವರ ಬಾಯಲ್ಲಿ ಮತ್ತೊಂದು. ಸದ್ಯಕ್ಕೆ ಮೂರನ್ನೂ ಬರೆದಿಟ್ಟಿದ್ದೇನೆ.