ಒಂದು ಸೊನ್ನೆ ನುಂಗಿದ್ದು

"ಮಗುಗೆ ಎಷ್ಟು ವಯಸ್ಸು ಮೇಡಂ?"

"ಏಳು."

ಮಂಗಳವಾರದಿಂದ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ. ಮಗು ಯಾರೂ ಇಲ್ಲ. ಬಣ್ಣ ತುಂಬುವ ಪುಸ್ತಕ ಅಮ್ಮನಿಗೆ. ಅಮ್ಮನಿಗೆ ಎಪ್ಪತ್ತು. ಅಂಗಡಿಯವನ ಮುಂದೆ ನಿಂತು ಒಂದು ಸೊನ್ನೆ ನುಂಗಿಬಿಟ್ಟೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗಿಯರಿದ್ದರು, ಅಷ್ಟಕ್ಕೇ.

ಅಮ್ಮನ ಬಲಗೈ ಪ್ಲಾಸ್ಟರ್ ಬಿಚ್ಚಿ ಹತ್ತು ದಿನ ಆಯಿತು. ಬೆರಳಿಗೆ ಕೆಲಸ ಕೊಡಿ ಅಂತ ಫಿಸಿಯೋ ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. "ಹಿಟ್ಟು ನಾದಿದ್ರೆ ಚಪಾತಿ ಆಗತ್ತೆ. ಇದನ್ನ ಒತ್ತಿದ್ರೆ ಏನು ಬರತ್ತೆ?" ಅಂತ ಅಮ್ಮ ಅದನ್ನು ಸೋಫಾ ಕೆಳಗೆ ಉರುಳಿಸಿಬಿಟ್ಟಳು. ಬಣ್ಣ ತುಂಬುವ ಪುಸ್ತಕದ ಐಡಿಯಾ ನನ್ನದು. ಅಕ್ಕ ಫೋನಿನಲ್ಲಿ ನಕ್ಕಳು. ತಾನು ಮಾಡದ ಕೆಲಸವೆಲ್ಲ ಅವಳಿಗೆ ಮಕ್ಕಳಾಟವೇ, ಬಿಡಿ. ಯುಗಾದಿ ಹತ್ತಿರ ಬಂತಲ್ಲ, ವಸಂತದ ಚಿತ್ರಗಳೇ ಇರಲಿ ಅಂತ ಮಲ್ಲೇಶ್ವರಕ್ಕೆ ಹೋಗಿದ್ದೆ.

ಆತ ಏಳು ವರ್ಷಕ್ಕೆ ತಕ್ಕದ್ದನ್ನೇ ಕೊಟ್ಟ. ಹೂವು, ಚಿಟ್ಟೆ, ಮೊಲದ ಪುಸ್ತಕ, ಜೊತೆಗೆ ಹನ್ನೆರಡು ಸ್ಕೆಚ್ ಪೆನ್. ಹಾಳೆ ಜೆರಾಕ್ಸ್ ಪೇಪರಿನಷ್ಟು ತೆಳು, ಎರಡೂ ಬದಿ ಚಿತ್ರ. ಅಮ್ಮ ಒಂದು ಹೂವಿಗೆ ಗುಲಾಬಿ ಬಣ್ಣ ತುಂಬಿದಳು. ಅದರ ಮೇಲೇ ಇನ್ನೊಂದು ಸಲ ತಿದ್ದಿದಳು. ಕಾಗದ ಒದ್ದೆಯಾಗಿ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಪುಟ ತಿರುಗಿಸಿದರೆ ಹಿಂದಿದ್ದ ಮೊಲದ ಮುಖದ ತುಂಬ ಗುಲಾಬಿ ಚುಕ್ಕೆ.

"ಪಾಪ, ಮೊಲಕ್ಕೆ ಅಮ್ಮ ಆಗಿದೆ ಕಣೆ."

ಗುರುವಾರ ಮತ್ತೆ ಹೋದೆ. "ಮಗುಗಲ್ಲ, ನಮ್ಮಮ್ಮಂಗೆ. ಎಪ್ಪತ್ತು," ಅಂದೆ. ಆತ ನಗುತ್ತಾನೆ ಅಂತ ಕಾದೆ. ನಗಲಿಲ್ಲ.

"ಕೈ ನಡುಗತ್ತಾ, ಕಣ್ಣು ಮಂಜಾ?"

ಅಷ್ಟೇ ಕೇಳಿದ್ದು. ಎರಡು ದಿನ ನಾನು ಬೆವರಿದ್ದು ಇವನ ಎದುರಾ? ಅವನಿಗೆ ಬೇಕಾಗಿದ್ದದ್ದು ಅಳತೆ. ಚಪ್ಪಲಿ ಅಂಗಡಿಯಲ್ಲಿ ಕಾಲಿನ ನಂಬರ್ ಕೇಳಿದ ಹಾಗೆ. ಏಳು ಅಂದಿದ್ದಕ್ಕೆ ಏಳರ ಅಳತೆ ಕೊಟ್ಟಿದ್ದ. ನಾಚಿಕೆ ಪೂರ್ತಿ ನನ್ನದೇ ಸ್ವಂತದ್ದು. ಬೀದಿಯಗಲ ರಂಗೋಲಿ ಹಾಕಿ ಬಣ್ಣ ತುಂಬುತ್ತಿದ್ದವಳು ಪುಸ್ತಕಕ್ಕೆ ಬಣ್ಣ ತುಂಬಿದರೆ ನಾನ್ಯಾಕೆ ವಯಸ್ಸು ಮುಚ್ಚಿಡಬೇಕು?

ಆಮೇಲೆ ಒಂದು ಪಾಠವೇ ಆಯಿತು. ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ಸದ್ದು ಕೇಳಿಸಿದ. ಇದು 150 ಜಿಎಸ್‌ಎಂನ ದಪ್ಪ ಹಾಳೆ, ಒಂದೇ ಬದಿ ಚಿತ್ರ. ಸ್ಪೈರಲ್ ಬೈಂಡಿಂಗ್, ಮೇಜಿನ ಮೇಲೆ ತಾನಾಗಿ ಬಿಚ್ಚಿಕೊಂಡಿರುತ್ತದೆ, ಇನ್ನೊಂದು ಕೈಯಲ್ಲಿ ಒತ್ತಿ ಹಿಡಿಯಬೇಕಿಲ್ಲ. ಸ್ಪಿರಿಟ್ ಮಾರ್ಕರ್ ಬೇಡ, ಈ ಹಾಳೆಯಲ್ಲೂ ಆ ಕಡೆ ಇಳಿಯುತ್ತದೆ. ಜೆಲ್ ಪೆನ್ ಒಣಗುವ ಮೊದಲೇ ಅಂಗೈ ತಗುಲಿ ಉಜ್ಜಿಹೋಗುತ್ತದೆ. ದಪ್ಪಗೆ, ಮೂರು ಮೂಲೆ ಇರುವ ಕಲರ್ ಪೆನ್ಸಿಲ್ ತಗೊಳ್ಳಿ, ಮೆತ್ತನೆ ಸೀಸದ್ದು, ಒತ್ತುವುದೇ ಬೇಡ. ದೊಡ್ಡವರಿಗೆ ಅಂತಲೇ ಬರುವ ಪುಸ್ತಕಗಳನ್ನೂ ತೋರಿಸಿದ. ಒಳಗೆಲ್ಲ ಬಣ್ಣ ತುಂಬಲು ಸಾಸಿವೆ ಕಾಳಿನಷ್ಟು ಮನೆಗಳು. ಅವನ್ನು ಬರೆದವರಿಗೆ ಇನ್ನೂ ಚಾಳೀಸು ಬಂದಿಲ್ಲ ಅನ್ನಿಸತ್ತೆ.

ಮನೆಯಲ್ಲಿ ಹೊಸ ಪುಸ್ತಕ ತೆರೆದರೆ ಮೊದಲ ಪುಟವೇ ಟ್ಯುಲಿಪ್ ಹೂವು. "ಈರುಳ್ಳಿ ಮೊಳಕೆ ಥರ ಇದೆಯಲ್ಲೇ," ಅಂದಳು. ತಪ್ಪೇನಿಲ್ಲ, ಅದೂ ಗೆಡ್ಡೆಯಿಂದಲೇ ಬರುವುದು. ಇಂಗ್ಲಿಷಿನವರ ವಸಂತ ಅಂತ ಮೂಗು ಮುರಿಯೋಣ ಅಂದುಕೊಂಡೆ. ಆದರೆ ನಾವು ಬೆಂಗಳೂರಿನ ವಸಂತ ಅಂತ ಫೋಟೊ ಹಾಕುವ ಗುಲಾಬಿ ಹೂವಿನ ಟಬೆಬುಯಾ ಮರ ಯಾವ ಊರಿನದು? ಅದೂ ಮಧ್ಯ ಅಮೆರಿಕದ ಕಡೆಯಿಂದ ಬಂದದ್ದೇ.

ಎರಡನೇ ಪುಟದಲ್ಲಿ ಕೊಂಬೆ, ಎಳೆ ಎಲೆ. ನಾನು ಹಸಿರು ಪೆನ್ಸಿಲ್ ಚಾಚಿದೆ. ಅಮ್ಮ ತೆಗೆದುಕೊಳ್ಳಲಿಲ್ಲ.

"ಚಿಗುರು ಎಲ್ಲಾದ್ರೂ ಹಸಿರಿರತ್ತಾ? ಮಾವಿನ ಮರ ನೋಡಿಲ್ವಾ ನೀನು?"

ನೋಡಿದ್ದೇನೆ. ನಮ್ಮ ಗೇಟಿನ ಪಕ್ಕದಲ್ಲೇ ಇದೆ. ಈಗ ಅದರ ಎಲೆ ತಾಮ್ರದ ಬಣ್ಣ. ಅಶ್ವತ್ಥದ್ದೂ ಹಾಗೇ. ಇಷ್ಟು ವರ್ಷ ನೋಡಿಯೂ ಚಿಗುರು ಅಂದ ತಕ್ಷಣ ನನ್ನ ಕೈ ಹೋದದ್ದು ಹಸಿರಿಗೆ. "ಇಪ್ಪತ್ನಾಲ್ಕರಲ್ಲಿ ಐದು ಹಸಿರು ಕೊಟ್ಟಿದಾರೆ, ಚಿಗುರಿನ ಬಣ್ಣ ಒಂದೂ ಇಲ್ಲ," ಅಂತ ಗೊಣಗಿಕೊಂಡು ಗುಲಾಬಿ ಹಚ್ಚಿ, ಮೇಲೆ ಕಂದು ತೇಲಿಸಿ, ಬಿಳಿ ಪೆನ್ಸಿಲಿನಿಂದ ಎರಡನ್ನೂ ತಿಕ್ಕಿದಳು. ತಾಮ್ರ ಬಂತು. ಒಂದೆಲೆಗೆ ಕಾಲು ಗಂಟೆ. ನಡುನಡುವೆ ಕೈ ಕೊಡವುತ್ತಿದ್ದಳು.

ರಾತ್ರಿ ವೀಡಿಯೊ ಕಾಲ್‌ನಲ್ಲಿ ಅಕ್ಕ, "ಎಲೆಯೆಲ್ಲ ಒಣಗೋಗಿದೆಯಲ್ಲಮ್ಮಾ," ಅಂದಳು. ಅಮ್ಮ ಉತ್ತರ ಕೊಡಲಿಲ್ಲ.

ಹಳೇ ಪುಸ್ತಕವನ್ನು ರದ್ದಿಗೆ ಹಾಕೋಣ ಅಂತ ಇವತ್ತು ಬೆಳಗ್ಗೆ ಎತ್ತಿಕೊಂಡೆ. ಚುಕ್ಕೆ ಬಿದ್ದ ಮೊಲದ ತಲೆ ಹತ್ತಿರ ಒಂದು ಬೇವಿನ ಕಡ್ಡಿ ಇತ್ತು. ಅಚ್ಚಾದದ್ದಲ್ಲ, ಪೆನ್ಸಿಲಿನಲ್ಲಿ ಬರೆದದ್ದು. ಗೆರೆ ಸ್ವಲ್ಪ ನಡುಗಿದೆ. ತುದಿಯ ನಾಲ್ಕು ಎಲೆ ಮಾತ್ರ ಕೆಂಪು.