ನಾಲ್ಕನೇ ವರ್ಷದಲ್ಲಿ ಕಾಲೇಜು ಬದಲಿಸಿದ್ದು

ಉಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದುತ್ತಿದ್ದ ನಾನು ಯುದ್ಧ ಶುರುವಾಗಿ 2022ರ ಮಾರ್ಚ್‌ನಲ್ಲಿ ರಾಣೆಬೆನ್ನೂರಿಗೆ ಬಂದಾಗ ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ. "ಇಲ್ಲೇ ದಾವಣಗೆರೆಯಾಗೋ ಹುಬ್ಬಳ್ಳಿಯಾಗೋ ಸೇರಿಸ್ಕೊಳ್ತಾರಂತಲ್ಲ?" ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು. ಆದರೆ ಇಲ್ಲಿನ ಎಂಬಿಬಿಎಸ್ ವಿದ್ಯಾರ್ಥಿಗಳಿಗೇ ಕಾಲೇಜು ಬದಲಿಸುವುದು ಕಷ್ಟವಿತ್ತು. 1997ರ ನಿಯಮದಂತೆ ಮೊದಲ ಹಂತದ ಪರೀಕ್ಷೆ ಪಾಸಾದವರಿಗೆ ಮಾತ್ರ, ಅದೂ ಸೀಟುಗಳ ಶೇ. 5 ಮೀರದಂತೆ, ಮೈಗ್ರೇಷನ್ ಸಿಗುತ್ತಿತ್ತು. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿ ಕಲಿಯುವ ಕ್ಲಿನಿಕಲ್ ಓದು ಶುರುವಾದ ಮೇಲೆ ಯಾವ ಕಾರಣಕ್ಕೂ ಇಲ್ಲ. 2023ರಲ್ಲಿ ಬಂದ ಹೊಸ ನಿಯಮ ಅಷ್ಟು ದಾರಿಯನ್ನೂ ಮುಚ್ಚಿತು. ಇನ್ನು ಹೊರದೇಶದಲ್ಲಿ ಅರ್ಧ ಓದಿ ಬಂದ ನಮ್ಮನ್ನು ಯಾವ ನಿಯಮದಡಿ ಸೇರಿಸಿಕೊಳ್ಳಬೇಕು?

ನಾನಾಗ ನಾಲ್ಕನೇ ವರ್ಷದಲ್ಲಿದ್ದೆ. ನಮ್ಮ ತಾಲ್ಲೂಕಿನ ಚಳಗೇರಿಯ ನವೀನ್ ಕೂಡ ಖಾರ್ಕಿವ್‌ನಲ್ಲೇ ನಾಲ್ಕನೇ ವರ್ಷ ಓದುತ್ತಿದ್ದ. ಮಾರ್ಚ್ 1ರಂದು ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋದವನು ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಮನೆಯವರು ಅವನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಮಾಡಿದರು. ಆಮೇಲೆ ಓದು ಬಿಡುವ ಮಾತು ನನ್ನ ಬಾಯಲ್ಲಿ ಬರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್ 6ಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪ್ರಕಟಣೆ ಬಂತು. ಉಕ್ರೇನಿನ ವಿದ್ಯಾರ್ಥಿಗಳು ಬೇರೆ ದೇಶದಲ್ಲಿ ಓದು ಮುಂದುವರಿಸಬಹುದು, ಆದರೆ ಪದವಿ ಕೊಡಬೇಕಾದದ್ದು ಮೂಲ ಉಕ್ರೇನ್ ವಿಶ್ವವಿದ್ಯಾಲಯವೇ. ಇದಕ್ಕೆ ಮೊಬಿಲಿಟಿ ಅನ್ನುತ್ತಾರೆ. ನಾನು ಜಾರ್ಜಿಯಾದ ಟಿಬಿಲಿಸಿಗೆ ಹೊರಟೆ. ಅಲ್ಲೂ ಆರು ವರ್ಷದ ಕೋರ್ಸು, 360 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ), ಇಂಗ್ಲಿಷಿನಲ್ಲೇ ಪಾಠ. "ಹೋಗಿ ಕೂತರೆ ಆಯ್ತು, ಎಲ್ಲ ರೆಡಿ ಇದೆ" ಎಂದು ಏಜೆಂಟ್ ಹೇಳಿದ್ದ. ಯಾವುದೂ ರೆಡಿ ಇರಲಿಲ್ಲ.

ನವೆಂಬರಿನ ಒಂದು ಬೆಳಿಗ್ಗೆ ರಿಜಿಸ್ಟ್ರಾರ್ ಆಫೀಸಿನ ಮೇಡಂ ನನ್ನ ಟ್ರಾನ್ಸ್‌ಕ್ರಿಪ್ಟನ್ನು, ಅಂದರೆ ಓದಿದ ವಿಷಯಗಳ ಪಟ್ಟಿಯನ್ನು, ಮೇಜಿನ ಮೇಲೆ ಹರಡಿಕೊಂಡರು. ಒಂದೊಂದು ಸಾಲಿನ ಕೆಳಗೂ ಸ್ಕೇಲ್ ಇಟ್ಟು ತಮ್ಮ ಸಿಲೆಬಸ್ ಜೊತೆ ಹೋಲಿಸಿದರು. ಲೆಕ್ಕ ಸರಿಹೊಂದದ್ದನ್ನೆಲ್ಲ ಅಕಾಡೆಮಿಕ್ ಡಿಫರೆನ್ಸ್ ಎಂದು ಬರೆಯುತ್ತಾರೆ. ಅಷ್ಟನ್ನೂ ಹೊಸದಾಗಿ ಪಾಸು ಮಾಡಬೇಕು, ಜಾಸ್ತಿಯಾದರೆ ಒಂದು ವರ್ಷ ಹಿಂದಕ್ಕೆ. ಉಕ್ರೇನ್ ಇತಿಹಾಸ, ಫಿಲಾಸಫಿ, ಲ್ಯಾಟಿನ್ ಮೇಲೆ ಅಡ್ಡಗೆರೆ ಬಿತ್ತು. ಅದಕ್ಕೆ ನಾನು ತಯಾರಾಗಿಯೇ ಇದ್ದೆ. ಆದರೆ ಖಾರ್ಕಿವ್‌ನಲ್ಲಿ ಕಲಿತ ಅಲ್ಲಿನ ಭಾಷೆಯ ಪಾಠಕ್ಕೂ ಗೆರೆ ಎಳೆದಾಗ ಹೊಟ್ಟೆ ಉರಿಯಿತು. ಖಾರ್ಕಿವ್ ವಾರ್ಡಿನ ಅಜ್ಜಿಯೊಬ್ಬರು, ಎದೆನೋವಿನಲ್ಲೂ ನನ್ನ ಉಚ್ಚಾರಣೆ ತಿದ್ದಿ, ಸರಿಯಾಗಿ ಕೇಳುವವರೆಗೆ ಉತ್ತರ ಕೊಟ್ಟಿರಲಿಲ್ಲ. ಕೇಸ್ ಹಿಸ್ಟರಿ ತೆಗೆಯುವುದನ್ನು ನಾನು ಕಲಿತದ್ದೇ ಹಾಗೆ. ಅದನ್ನು ಯಾವ ಕ್ರೆಡಿಟ್‌ನಲ್ಲಿ ಎಣಿಸುತ್ತಾರೆ?

ನಿಜವಾದ ತೊಡಕು ಪೆಥಾಲಜಿಯಲ್ಲಿ, ಅಂದರೆ ರೋಗಶಾಸ್ತ್ರದಲ್ಲಿ, ಬಂತು. ಖಾರ್ಕಿವ್‌ನಲ್ಲಿ ಅದನ್ನು ಪೆಥೊಮಾರ್ಫಾಲಜಿ (ರೋಗದಿಂದ ಅಂಗಗಳ ರೂಪ ಬದಲಾಗುವುದು), ಪೆಥೊಫಿಸಿಯಾಲಜಿ (ಅವುಗಳ ಕೆಲಸ ಬದಲಾಗುವುದು) ಎಂದು ಎರಡು ಬೇರೆ ವಿಷಯಗಳಾಗಿ, ಎರಡು ಬೇರೆ ವಿಭಾಗದವರು ಕಲಿಸಿದ್ದರು. ಟಿಬಿಲಿಸಿಯಲ್ಲಿ ಒಂದೇ ವಿಷಯ. ಎರಡನ್ನೂ ಕೂಡಿಸಿದರೆ ಬೇಕಾದ್ದಕ್ಕಿಂತ ಹೆಚ್ಚೇ ಆಗುತ್ತಿತ್ತು. ಆದರೆ ಮೇಡಂ ಒಪ್ಪಲಿಲ್ಲ. "ಲೆಕ್ಚರ್ ಎಷ್ಟು ಗಂಟೆ, ಪ್ರಾಕ್ಟಿಕಲ್ ಎಷ್ಟು ಗಂಟೆ? ವಿಭಾಗದವರ ಸಹಿ ಬೇಕು. ಇವತ್ತು ಸಂಜೆಯೊಳಗೆ ಬಂದರೆ ಈ ಸೆಮಿಸ್ಟರ್‌ಗೆ ಸೇರಿಸುತ್ತೇನೆ."

ಅಕ್ಟೋಬರಿನಿಂದ ಉಕ್ರೇನಿನ ವಿದ್ಯುತ್ ಸ್ಥಾವರಗಳ ಮೇಲೆ ಕ್ಷಿಪಣಿ ಬೀಳುತ್ತಿದ್ದವು. ಖಾರ್ಕಿವ್‌ನಲ್ಲಿ ಗಂಟೆಗಟ್ಟಲೆ ಕರೆಂಟ್ ಇರುತ್ತಿರಲಿಲ್ಲ. ಅಲ್ಲಿ ಪ್ರತಿ ಗುಂಪಿಗೂ ಕ್ಯುರೇಟರ್ ಎಂದು ಒಬ್ಬ ಟೀಚರ್ ಇರುತ್ತಾರೆ. ನಮ್ಮ ಕ್ಯುರೇಟರ್‌ಗೆ ಟೆಲಿಗ್ರಾಂನಲ್ಲಿ ಮೆಸೇಜ್ ಹಾಕಿದೆ. ಒಂದೇ ಟಿಕ್. ಮಧ್ಯಾಹ್ನದವರೆಗೂ ಒಂದೇ ಟಿಕ್, ಅವರು ನೋಡಿಯೇ ಇರಲಿಲ್ಲ. ಅಪ್ಪ ಫೋನ್ ಮಾಡಿ "ಕೆಲಸ ಆತೇನವ್ವ?" ಅಂದರು. "ಆಗ್ತೈತಿ ಅಪ್ಪಾಜಿ" ಎಂದಷ್ಟೇ ಹೇಳಿ ಇಟ್ಟೆ. ಕ್ಯಾಂಟೀನಿನಲ್ಲಿ ಏನು ತಿಂದೆನೋ ನೆನಪಿಲ್ಲ.

ನಾಲ್ಕು ಗಂಟೆ ಸುಮಾರಿಗೆ ಸಾಲಾಗಿ ಫೋಟೊಗಳು ಬಂದವು. ಕರೆಂಟಿಲ್ಲದೆ ಪ್ರಿಂಟರ್ ನಡೆಯದ ಕಾರಣ ಅವರು ವಿಭಾಗಕ್ಕೇ ಹೋಗಿ, ರಿಜಿಸ್ಟರ್ ತೆಗೆಸಿ, ಗಂಟೆಗಳ ಲೆಕ್ಕವನ್ನು ಪೆನ್ನಿನಲ್ಲಿ ಬರೆದು, ಮುಖ್ಯಸ್ಥರ ಸಹಿ ಹಾಕಿಸಿದ್ದರು. ಹಾಳೆಯ ನಡುವೆ ಟಾರ್ಚಿನ ಬೆಳಕು ದುಂಡಗೆ ಬಿದ್ದಿತ್ತು. ಒಂದು ಮೂಲೆಯಲ್ಲಿ ದುಂಡು ಮೊಹರು, ಅದರ ಪಕ್ಕ ಕೈಗವಸು ಹಾಕಿದ್ದ ಅವರ ಹೆಬ್ಬೆರಳು. ಒಳಗೇ ಅಷ್ಟು ಚಳಿ ಇದ್ದಿರಬೇಕು.

ಮೇಡಂ ನನ್ನ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಅವರ ವಯಸ್ಸಿನವರಿಗೆ ರಷ್ಯನ್ ಚೆನ್ನಾಗಿ ಬರುತ್ತದೆ, ಕೈಬರಹದ ಉಕ್ರೇನಿಯನ್ನೂ ತಕ್ಕಮಟ್ಟಿಗೆ ಅರ್ಥವಾಯಿತು. ಜಾರ್ಜಿಯಾ ಕೂಡ 2008ರಲ್ಲಿ ರಷ್ಯಾದ ಜೊತೆ ಯುದ್ಧ ಕಂಡ ದೇಶ. ಮೇಡಂ ಹೆಚ್ಚು ಮಾತಾಡಲಿಲ್ಲ. ಪೆಥಾಲಜಿಯ ಮುಂದೆ ಸರಿ ಗುರುತು ಹಾಕಿದರು. ಕ್ಲಿನಿಕಲ್ ಸ್ಕಿಲ್ಸ್ ಮತ್ತು ಜಾರ್ಜಿಯನ್ ಭಾಷೆ ಮಾತ್ರ ಬಾಕಿ ಉಳಿದವು. ಒಂದು ವರ್ಷ ಹಿಂದೆ ಬೀಳುವುದು ತಪ್ಪಿತು.

ಉಕ್ರೇನಿನ ಪದವಿ ಯಾಕೆ, ಓದಿದ ಕಡೆಯದ್ದೇ ಕೊಡಬಾರದಾ ಎಂದು ನನ್ನ ಜೊತೆಯವರು ಅನೇಕರು ಬೇಸರ ಪಟ್ಟರು. ನನಗೆ ಮಾತ್ರ ಆ ಹೆಸರೇ ಬೇಕಿತ್ತು. ಊರಿಗೆ ಬಂದು, ಹೊರದೇಶದಲ್ಲಿ ಓದಿದವರಿಗೆಂದೇ ಇರುವ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ 300ಕ್ಕೆ 150 ತೆಗೆಯದೆ ಯಾರೂ ನಮ್ಮನ್ನು ಡಾಕ್ಟರ್ ಎನ್ನುವುದಿಲ್ಲ, ಅದು ಎಲ್ಲಿ ಓದಿದರೂ ತಪ್ಪದು. ಆದರೆ ಕತ್ತಲಲ್ಲಿ ನನ್ನ ರಿಜಿಸ್ಟರ್ ಹುಡುಕಿದವರ ಹೆಸರು ನನ್ನ ಸರ್ಟಿಫಿಕೇಟಿನ ಹಿಂದೆ ಇರಬೇಕು, ಅಲ್ವಾ?

ಕ್ಯುರೇಟರ್‌ಗೆ ಕೆಲಸ ಆಯಿತೆಂದು ತಿಳಿಸಿ ಥ್ಯಾಂಕ್ಸ್ ಹೇಳಿದೆ. ರಾತ್ರಿ ಅವರ ಉತ್ತರ ಬಂತು: "ಒಳ್ಳೆಯದು. ಸಹಿ ಆದ ಮೊಬಿಲಿಟಿ ಅಗ್ರಿಮೆಂಟ್ ಸ್ಕ್ಯಾನ್ ಮಾಡಿ ಕಳಿಸು, ನಮ್ಮ ಫೈಲಿಗೂ ಒಂದು ಪ್ರತಿ ಬೇಕು. ಸೆಮಿಸ್ಟರ್ ಮುಗಿದ ತಕ್ಷಣ ಅಂಕಗಳನ್ನೂ ಕಳಿಸು, ತಡ ಮಾಡಬೇಡ."